ಏಷ್ಯನ್ ಬೀದಿ ತಿಂಡಿಗಳ ಹಾಲ್: ಒಳಾಂಗಣ ಎಲ್ಲಿಂದ ಶುರು ಮಾಡಬೇಕು?

ಗೆರೆಬರೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಒಳಾಂಗಣ ವಿನ್ಯಾಸ ಮಾಡುತ್ತೇನೆ. ಇಲ್ಲಿವರೆಗೆ ಮನೆ, ಆಫೀಸು, ಒಂದೆರಡು ಚಿಕ್ಕ ಕೆಫೆ ಮಾಡಿದ್ದೇನೆ. ಈಗ ಮೊದಲ ಸಲ ದೊಡ್ಡ ಕೆಲಸವೊಂದು ಬಂದಿದೆ. ಹಳೇ ಗೋದಾಮು, 8,000 ಚದರ ಅಡಿ, ಚಾವಣಿ 18 ಅಡಿ ಎತ್ತರ. ಒಳಗೆ 14 ಸ್ಟಾಲ್ ಬರಬೇಕು. ಸಿಂಗಪುರದ ಚಿಕನ್ ರೈಸ್, ಮಲೇಷ್ಯಾದ ರೋಟಿ ಚನಾಯ್ (ಪದರದ ಪರೋಟ) ಮತ್ತು ತೆ ತಾರಿಕ್ (ಎಳೆದ ಚಹಾ), ಥಾಯ್ ಜನರ ಸೋಮ್ ತಾಮ್ (ಪಪ್ಪಾಯಿ ಕಾಯಿಯ ಸಲಾಡ್), ವಿಯೆಟ್ನಾಮಿನ ಫೋ (ನೂಡಲ್ಸ್ ಸೂಪ್), ತೈವಾನಿನ ಪೆಪ್ಪರ್ ಬನ್ (ಮೆಣಸು ಹಾಕಿದ ಮಾಂಸ ತುಂಬಿದ ಬನ್), ಜಪಾನಿನ ತಾಕೋಯಾಕಿ (ಆಕ್ಟೋಪಸ್ ಉಂಡೆ), ಇಂಡೋನೇಷ್ಯಾದ ಸಾಟೆ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ), ಕೈಯಲ್ಲಿ ಎಳೆದ ಚೀನೀ ನೂಡಲ್ಸ್, ಹೀಗೆ.

ಮಾಲೀಕರು ಕೇಳಿರುವುದು ಎರಡೇ. 400 ಸೀಟು ಬೇಕು. ಮತ್ತೆ, ಒಳಗೆ ಕಾಲಿಟ್ಟವರಿಗೆ ಏಷ್ಯಾದ ಯಾವುದೋ ರಾತ್ರಿ ಬೀದಿಗೆ ಬಂದ ಹಾಗೆ ಅನ್ನಿಸಬೇಕು.

ಮೊದಲ ಸುತ್ತಿನ ಚಿತ್ರ ಮಾಡಿದ್ದೇನೆ. ಕೆಂಪು ಲಾಟೀನಿನ ಸಾಲು, ನಿಯಾನ್ ಬೋರ್ಡ್‌ಗಳು, ಗೋಡೆಗೆ ತುಕ್ಕು ಹಿಡಿದ ತಗಡು, ಬಿದಿರು, ಮಧ್ಯದಲ್ಲಿ ಒಂದು ಟುಕ್‌ಟುಕ್ (ಥಾಯ್ ಆಟೋರಿಕ್ಷಾ). ಚಿತ್ರ ಚೆನ್ನಾಗಿಯೇ ಬಂದಿದೆ. ಆದರೆ ಮೂರು ದಿನದಿಂದ ನೋಡ್ತಾ ಇದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ಏನು ತಪ್ಪಿದೆ ಅಂತ ಹೇಳೋಕೂ ಬರುತ್ತಿಲ್ಲ. ಇಂಥ ಜಾಗದಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಬಾಣಲೆ

ನಾನು ವಿನ್ಯಾಸದವನಲ್ಲ, ಅಡುಗೆಯವನು. 11 ವರ್ಷ ವೋಕ್ (ಗುಂಡು ತಳದ ಚೀನೀ ಬಾಣಲೆ) ಮುಂದೆ ನಿಂತಿದ್ದೇನೆ, ಅದರಲ್ಲಿ 6 ವರ್ಷ ಸಿಂಗಪುರದಲ್ಲಿ. ನಿಮ್ಮ ಚಿತ್ರದಲ್ಲಿ ಲಾಟೀನು ಇದೆ, ಟುಕ್‌ಟುಕ್ ಇದೆ. ಅಡುಗೆ ಮಾಡುವವನ ಕೈ ಎಲ್ಲೂ ಇಲ್ಲ. ಬೀದಿ ತಿಂಡಿಗೆ ಜನ ಯಾಕೆ ನಿಲ್ಲುತ್ತಾರೆ? ಎರಡು ಮಾರು ದೂರದಲ್ಲಿ ಒಬ್ಬ ನಮಗಾಗಿ ಏನೋ ಮಾಡುತ್ತಿರುತ್ತಾನೆ. ಅದು ಕಾಣುತ್ತದೆ, ಕೇಳುತ್ತದೆ, ಮೂಗಿಗೆ ಬಡಿಯುತ್ತದೆ. ಅದಕ್ಕೇ ನಿಲ್ಲುತ್ತಾರೆ.

ನೀವು 14 ಸ್ಟಾಲ್‌ಗೂ ಒಂದೇ ಅಳತೆ ಇಟ್ಟಿದ್ದರೆ ಅಲ್ಲೇ ತಪ್ಪಿದೆ. ಒಂದೊಂದಾಗಿ ಹೇಳುತ್ತೇನೆ.

ತೆ ತಾರಿಕ್ ಅಂದರೆ ಎಳೆದ ಚಹಾ. ಒಂದು ಕೈ ತಲೆಯಿಂದ ಮೇಲೆ, ಇನ್ನೊಂದು ಸೊಂಟದ ಕೆಳಗೆ, ನಡುವೆ ಚಹಾ ಹಗ್ಗದ ಹಾಗೆ ಬೀಳುತ್ತದೆ. ಕೌಂಟರ್ ಮೇಲೆ ಶೆಲ್ಫ್ ಇಟ್ಟರೆ ಮಗ್ ಬಡಿಯುತ್ತದೆ. ಅಲ್ಲಿ ತಲೆ ಮೇಲೆ ಏನೂ ಇರಬಾರದು.

ರೋಟಿ ಚನಾಯ್ ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬಡಿಯುತ್ತಾರೆ. ಎಣ್ಣೆ ಸವರಿದ ನುಣುಪಾದ ಕಲ್ಲು ಅಥವಾ ಸ್ಟೀಲ್ ಬೇಕು, ಎರಡೂ ಪಕ್ಕ ಮೊಣಕೈ ಆಡೋಕೆ ಜಾಗ ಬೇಕು. ಕೈಯಲ್ಲಿ ಎಳೆಯುವ ನೂಡಲ್ಸ್‌ಗೆ ಇನ್ನೂ ಜಾಸ್ತಿ, ಎರಡೂ ತೋಳು ಪೂರ್ತಿ ಚಾಚಬೇಕು. 5 ಅಡಿ ಅಗಲದ ಗೂಡಿನಲ್ಲಿ ಅದು ಆಗುವ ಕೆಲಸವಲ್ಲ. ಸೋಮ್ ತಾಮ್‌ಗೆ ಒರಳಿನಲ್ಲಿ ಕುಟ್ಟುತ್ತಾರೆ. ಅದರ ಕೆಳಗಿನ ಕೌಂಟರ್ ತೆಳು ಪ್ಲೈವುಡ್ ಆದರೆ ಇಡೀ ಸ್ಟಾಲ್ ನಡುಗುತ್ತದೆ. ಒರಳಿಗೆ ಕೆಳಗಿನಿಂದಲೇ ಗಟ್ಟಿ ಕಟ್ಟೆ ಕಟ್ಟಿ. ಕೌಂಟರಿಗಿಂತ ಸ್ವಲ್ಪ ತಗ್ಗಿರಲಿ, ಇಲ್ಲದಿದ್ದರೆ ಕುಟ್ಟುವವರ ಭುಜ ಹೋಗುತ್ತದೆ.

ತೈಪೆಯ ರಾವ್ಹೆ ರಾತ್ರಿ ಮಾರುಕಟ್ಟೆಯಲ್ಲಿ ಪೆಪ್ಪರ್ ಬನ್ ಒಲೆ ನೋಡಿ. ನಮ್ಮ ತಂದೂರ್ ಇದ್ದ ಹಾಗೆ, ಬನ್ನನ್ನು ಒಳಗಿನ ಗೋಡೆಗೆ ಬಡಿದು ಅಂಟಿಸುತ್ತಾರೆ. ಆ ಒಲೆಗೆ ಮುಂದಿನ ಸಾಲು ಕೊಡಿ. ಹಿಂದಿನ ಅಡುಗೆಮನೆಯಲ್ಲಿ ಬಚ್ಚಿಟ್ಟರೆ ಬರೀ ಬನ್ ಉಳಿಯುತ್ತದೆ.

ಗೆರೆಬರೆ

ಬಾಣಲೆ ಸರ್, ನಿಜ, ನಾನು 14 ಸ್ಟಾಲನ್ನೂ 10 ಅಡಿ × 14 ಅಡಿ ಅಂತ ಒಂದೇ ಅಚ್ಚಿನಲ್ಲಿ ಹಾಕಿದ್ದೆ. ಬಾಡಿಗೆ ಲೆಕ್ಕಕ್ಕೆ ಸುಲಭ ಅಂತ. ಈಗ ಪ್ರತಿ ತಿಂಡಿಗೂ ಕೈ ಎಷ್ಟು ದೂರ ಹೋಗುತ್ತದೆ ಅಂತ ಪಟ್ಟಿ ಮಾಡುತ್ತೇನೆ.

ಹೊಗೆಗೂಡು

ಎಕ್ಸಾಸ್ಟ್ ಕೆಲಸ ಮಾಡುವವನು. ಬಣ್ಣ, ಬಿದಿರು ಎಲ್ಲದಕ್ಕೂ ಮುಂಚೆ ಗಾಳಿ ಲೆಕ್ಕ ಮಾಡಿಸಿ, ಕೈ ಮುಗಿದು ಕೇಳಿಕೊಳ್ಳುತ್ತೇನೆ. ಇದನ್ನು ಕೊನೆಗೆ ಇಟ್ಟುಕೊಂಡ ಹಾಲ್‌ಗಳನ್ನು ರಿಪೇರಿ ಮಾಡಿ ಮಾಡಿ ಸಾಕಾಗಿದೆ.

ಮನೆಯ ದೊಡ್ಡ ಬರ್ನರ್ 3ರಿಂದ 5 ಕಿಲೋವಾಟ್. ಚೀನೀ ಅಡುಗೆಮನೆಯ ವೋಕ್ ಬರ್ನರ್ ಒಂದೇ 30 ಕಿಲೋವಾಟ್ ಹತ್ತಿರ, ಕೆಲವು ಅದಕ್ಕೂ ಜಾಸ್ತಿ. ಆ ಉರಿ ಇಲ್ಲದೆ 'ವೋಕ್ ಹೇ' ಬರುವುದಿಲ್ಲ. ವೋಕ್‌ನ ಉಸಿರು ಅಂತಾರಲ್ಲ, ಆ ಸ್ವಲ್ಪ ಸುಟ್ಟ ಘಮ, ಅದು. ಹಾಗಾಗಿ ಉರಿ ಕಮ್ಮಿ ಮಾಡಿ ಅಂತ ಅಡುಗೆಯವರಿಗೆ ಹೇಳೋಕಾಗಲ್ಲ. ಹೊಗೆ, ಬಿಸಿ, ಎಣ್ಣೆ ಆವಿ ಮೂರನ್ನೂ ಹುಟ್ಟಿದ ಜಾಗದಲ್ಲೇ ಹಿಡಿಯಬೇಕು.

ಹುಡ್, ಅಂದರೆ ಒಲೆ ಮೇಲೆ ಹೊಗೆ ಹೀರುವ ಮುಚ್ಚಿಗೆ, ಒಲೆಗಿಂತ ಎಲ್ಲ ಕಡೆ ಕನಿಷ್ಠ 6 ಇಂಚು ಆಚೆ ಚಾಚಿರಲಿ. ವೋಕ್ ಎತ್ತಿ ಆಡಿಸುವ ಕಡೆ ಇನ್ನೂ ಜಾಸ್ತಿ. ಹುಡ್‌ಗೆ ಮೂರು ಕಡೆ ಗೋಡೆ ಕೊಟ್ಟರೆ ಕಮ್ಮಿ ಗಾಳಿಯಲ್ಲೇ ಕೆಲಸ ಮುಗಿಯುತ್ತದೆ. ಒಲೆಯನ್ನು ಹಾಲ್ ನಡುವೆ ದ್ವೀಪದ ಹಾಗೆ ಇಟ್ಟರೆ ನಾಲ್ಕೂ ಕಡೆಯಿಂದ ಹೊಗೆ ಸೋರುತ್ತದೆ, ಫ್ಯಾನ್ ತುಂಬಾ ದೊಡ್ಡದಾಗುತ್ತದೆ. ಆದ್ದರಿಂದ ವೋಕ್ ಸ್ಟಾಲ್‌ಗಳೆಲ್ಲ ಗೋಡೆ ಕಡೆಗೆ. ಜ್ಯೂಸ್, ಸಿಹಿ, ಸಲಾಡ್ ಬೇಕಾದರೆ ನಡುವೆ.

ಜನ ಮರೆಯುವುದು ಇನ್ನೊಂದಿದೆ. ಎಷ್ಟು ಗಾಳಿ ಹೊರಗೆ ಹೋಗುತ್ತದೋ ಅಷ್ಟು ಒಳಗೆ ಬರಲೇಬೇಕು. ಹೊರಗೆ ಎಳೆದದ್ದರಲ್ಲಿ ಶೇ. 80ರಿಂದ 90ರಷ್ಟನ್ನು ಹೊಸ ಗಾಳಿಯಾಗಿ ಫ್ಯಾನ್‌ನಿಂದಲೇ ತನ್ನಿ. ಉಳಿದದ್ದು ಊಟದ ಜಾಗದಿಂದ ಸ್ಟಾಲ್ ಕಡೆಗೆ ಹರಿಯುತ್ತದೆ. ಆ ಹರಿವೇ ಊಟ ಮಾಡುವವರ ಬಟ್ಟೆಗೆ ಎಣ್ಣೆ ವಾಸನೆ ಅಂಟದ ಹಾಗೆ ತಡೆಯುವುದು. ಹೊಸ ಗಾಳಿ ಕೊಡದಿದ್ದರೆ ಮುಂಬಾಗಿಲು ತೆಗೆಯೋಕೇ ಕಷ್ಟ ಆಗುತ್ತದೆ, ಹುಡ್ ಇದ್ದೂ ಹೊಗೆ ಹೊರಗೆ ಉಕ್ಕುತ್ತದೆ. ಎಣ್ಣೆ ಬಾಣಲೆ ಮೇಲೆ ತನ್ನಷ್ಟಕ್ಕೆ ಬಿಡುಗಡೆಯಾಗುವ ಬೆಂಕಿ ನಂದಿಸುವ ವ್ಯವಸ್ಥೆ, ಡಕ್ಟ್‌ನಲ್ಲಿ (ಹೊಗೆ ಹೊರಗೆ ಹೋಗುವ ಕೊಳವೆ) ಒಳಗೆ ಕೈ ಹಾಕಿ ತೊಳೆಯುವ ಬಾಗಿಲು, ಇವೆರಡನ್ನೂ ಬಿಡಬೇಡಿ.

ಗೆರೆಬರೆ

ಸಾಟೆಗೆ ಇದ್ದಿಲೇ ಬೇಕು ಅಂತ ಮಾಲೀಕರು ಹಟ ಹಿಡಿದಿದ್ದಾರೆ. ಒಳಗೆ ಮಾಡಬಹುದಾ?

ಹೊಗೆಗೂಡು

ಮಾಡಬಹುದು. ಆದರೆ ಅದಕ್ಕೆ ಬೇರೆಯದೇ ಡಕ್ಟ್ ಬೇಕು, ಗ್ಯಾಸ್ ಒಲೆಗಳ ಡಕ್ಟ್‌ಗೆ ಸೇರಿಸಬಾರದು. ಕಿಡಿ ಹೋಗಿ ಎಣ್ಣೆ ಪದರಕ್ಕೆ ಹತ್ತಿಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಳೆಯುವ ಅಲಾರಂ ಕಡ್ಡಾಯ.

ಬಾಣಲೆ

ಇದಕ್ಕೆ ಸಿಂಗಪುರದವರೇ ಉತ್ತರ ಕೊಟ್ಟಿದ್ದಾರೆ ನೋಡಿ. ಲಾವ್ ಪಾ ಸಾತ್ ಅಂತ ಹಳೇ ಮಾರುಕಟ್ಟೆ ಕಟ್ಟಡ ಇದೆ. 1894ರದ್ದು, ಎಂಟು ಮೂಲೆ, ಎರಕದ ಕಬ್ಬಿಣದ ಕಂಬಗಳು. ಈಗ ಅದು ತಿಂಡಿ ಹಾಲ್. ಎತ್ತರದ ಚಾವಣಿ, ಪಕ್ಕಗಳೆಲ್ಲ ತೆರೆದಿವೆ. ಅಷ್ಟಿದ್ದರೂ ಸಾಟೆಯವರು ಹೊರಗೆ. ಸಂಜೆಯಾದರೆ ಪಕ್ಕದ ಬೂನ್ ಟಾಟ್ ಸ್ಟ್ರೀಟ್‌ನಲ್ಲಿ ವಾಹನ ನಿಲ್ಲಿಸಿ, ರಸ್ತೆ ಮೇಲೆಯೇ ಒಲೆ ಮೇಜು ಹಾಕುತ್ತಾರೆ. ಹೊಗೆ ಆಕಾಶಕ್ಕೆ ಹೋಗುತ್ತದೆ, ಘಮ ಇಡೀ ಬೀದಿಗೆ ಕರೆ ಕೊಡುತ್ತದೆ. ನಿಮ್ಮ ಗೋದಾಮಿಗೆ ಮುಂದೆ ಅಂಗಳ ಇದ್ದರೆ ಸಾಟೆ ಅಲ್ಲಿರಲಿ.

ಹಳೇ ನಕ್ಷೆ

ನಗರಗಳ ಇತಿಹಾಸ ಓದುವ ಹುಚ್ಚು ನನಗೆ, ಅದಕ್ಕೇ ಒಂದು ಮಾತು ಸೇರಿಸುತ್ತೇನೆ. ಬೀದಿ ತಿಂಡಿಯನ್ನು ಚಾವಣಿ ಕೆಳಗೆ ತರುವ ಕೆಲಸ ಹೊಸದಲ್ಲ. ಸಿಂಗಪುರ 1960ರ ದಶಕದ ಕೊನೆಯಲ್ಲಿ ಬೀದಿ ವ್ಯಾಪಾರಿಗಳನ್ನೆಲ್ಲ ನೋಂದಾಯಿಸಿತು. 1971ರಿಂದ 1986ರ ಒಳಗೆ ಅವರನ್ನು ಹಾಕರ್ ಸೆಂಟರ್‌ಗಳಿಗೆ, ಅಂದರೆ ಬೀದಿ ವ್ಯಾಪಾರಿಗಳಿಗೆಂದೇ ಕಟ್ಟಿದ ತಿಂಡಿ ಹಾಲ್‌ಗಳಿಗೆ, ಕರೆತಂದಿತು. ಅಲ್ಲಿ ಅವರಿಗೆ ಸಿಕ್ಕಿದ್ದು ನಲ್ಲಿ ನೀರು, ಚರಂಡಿ, ಕರೆಂಟು, ಕಸ ಹಾಕುವ ಜಾಗ. ಲಾಟೀನು ಯಾರೂ ಕಟ್ಟಲಿಲ್ಲ. 2020ರಲ್ಲಿ ಯುನೆಸ್ಕೋ ಆ ಹಾಕರ್ ಸಂಸ್ಕೃತಿಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಳಿ ಟೈಲ್ಸ್, ನೆಲಕ್ಕೆ ಹೂತ ಸ್ಟೂಲು, ತಿರುಗುವ ಫ್ಯಾನ್ ಇದ್ದ ಜಾಗಗಳೇ ಅವು.

ಹಾಂಗ್‌ಕಾಂಗ್‌ನ ದಾಯ್ ಪಾಯ್ ದೋಂಗ್ ಕೂಡ ಹಾಗೇ. ಆ ಹೆಸರಿನ ಅರ್ಥವೇ ದೊಡ್ಡ ಲೈಸೆನ್ಸ್ ಇರುವ ಅಂಗಡಿ ಅಂತ. ಹಸಿರು ಬಣ್ಣ ಹಚ್ಚಿದ ತಗಡಿನ ಗೂಡು, ಮಡಚುವ ಮೇಜು. ಅವೆಲ್ಲ ಅಗ್ಗ, ಬೇಗ ತೊಳೆಯಬಹುದು, ರಾತ್ರಿ ಎತ್ತಿಡಬಹುದು ಅಂತ ಬಂದದ್ದು. ಹೊಸ ತಗಡಿಗೆ ತುಕ್ಕಿನ ಬಣ್ಣ ಬಳಿಯುವುದು ನನಗೆ ಹಿಡಿಸುವುದಿಲ್ಲ. ಬಡತನದ ಗುರುತನ್ನು ತಂದು ಗೋಡೆಗೆ ಅಂಟಿಸಿದ ಹಾಗಾಗುತ್ತದೆ.

ಕಾಗದದ ದೀಪ

ಪೂರ್ತಿ ಒಪ್ಪುವುದಿಲ್ಲ. ಲಾಟೀನನ್ನು ಬೈಯುವ ಮೊದಲು ಅದು ಏನು ಮಾಡುತ್ತದೆ ಅಂತ ನೋಡೋಣ. ಜಪಾನಿನಲ್ಲಿ ಅಂಗಡಿ ಮುಂದೆ ಕೆಂಪು ಕಾಗದದ ದೀಪ ಉರಿದರೆ ಇಲ್ಲಿ ಕುಡಿಯೋಕೆ, ತಿನ್ನೋಕೆ ಸಿಗುತ್ತದೆ ಅಂತ ಅರ್ಥ. ಬಾಗಿಲಿಗೆ ತೂಗುವ ಸೀಳಿದ ಬಟ್ಟೆ ನೋರೆನ್. ಅಂಗಡಿ ತೆರೆದಾಗ ಹಾಕುತ್ತಾರೆ, ಮುಚ್ಚುವಾಗ ಒಳಗೆ ತೆಗೆದುಕೊಳ್ಳುತ್ತಾರೆ. ಅಂದರೆ ಅದು ಮಾತಾಡುತ್ತದೆ. ಅದೇ ದೀಪವನ್ನು ಚಾವಣಿಗೆ 300 ಕಟ್ಟಿದರೆ ಏನೂ ಹೇಳುವುದಿಲ್ಲ.

ನನ್ನ ಸಲಹೆ: ಒಂದು ಸ್ಟಾಲ್‌ಗೆ ಒಂದು ದೀಪ. ಒಲೆ ಹೊತ್ತಿದಾಗ ಅಡುಗೆಯವರೇ ಹಚ್ಚಲಿ, ಸರಕು ಮುಗಿದಾಗ ಆರಿಸಲಿ. ದೂರದಿಂದಲೇ ಯಾವುದು ತೆರೆದಿದೆ ಅಂತ ಗೊತ್ತಾಗುತ್ತದೆ. ಚೀನೀ ಸ್ಟಾಲ್‌ಗೆ ಬಿಳಿ ಲಾಟೀನು ಮಾತ್ರ ಬೇಡ, ಅದು ಸಾವಿನ ಮನೆಯ ಗುರುತು.

ಗೆರೆಬರೆ

ಇದು ನನಗೆ ತುಂಬಾ ಇಷ್ಟವಾಯಿತು. ಇಂಥ ತಪ್ಪುಗಳು ಇನ್ನೇನಿವೆ? ನಾನು ಲೋಗೋಗೆ ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ನಿಂತ ಎರಡು ಚಾಪ್‌ಸ್ಟಿಕ್ ಬರೆದಿದ್ದೇನೆ.

ಕಾಗದದ ದೀಪ

ಅಯ್ಯೋ, ದಯವಿಟ್ಟು ತೆಗೆದುಬಿಡಿ. ಚೀನಾ, ಜಪಾನ್ ಎರಡೂ ಕಡೆ ಅದು ಸತ್ತವರಿಗೆ ಇಡುವ ಅನ್ನವನ್ನು, ಊದುಬತ್ತಿಯನ್ನು ನೆನಪಿಸುತ್ತದೆ. ಚಾಪ್‌ಸ್ಟಿಕ್ ಅಡ್ಡ ಮಲಗಿರಲಿ. ಬುದ್ಧನ ತಲೆಯನ್ನು ಅಲಂಕಾರಕ್ಕೆ ಇಡಬೇಡಿ, ಥಾಯ್ ಜನರಿಗೆ ಅದರಿಂದ ನಿಜಕ್ಕೂ ನೋವಾಗುತ್ತದೆ. ಸ್ಟಾಲ್‌ಗೆ ನಂಬರ್ ಹಾಕುವುದಾದರೆ 4 ಮತ್ತು 14 ಬಿಡಿ. ಚೀನೀ, ಜಪಾನೀ, ಕೊರಿಯನ್ ಮೂರರಲ್ಲೂ ನಾಲ್ಕು ಅನ್ನುವ ಉಚ್ಚಾರ ಸಾವು ಅನ್ನುವುದರ ಹತ್ತಿರ. ಬೋರ್ಡಿನ ಮೇಲಿನ ಅಕ್ಷರಗಳನ್ನು ಆ ಭಾಷೆ ಓದುವವರಿಗೆ ತೋರಿಸದೆ ಅಚ್ಚು ಹಾಕಿಸಬೇಡಿ. ಚಿತ್ರದ ಹಾಗೆ ಕಾಣುತ್ತದೆ ಅಂತ ಎಲ್ಲಿಂದಲೋ ಕತ್ತರಿಸಿ ಹಾಕಿದ ಅಕ್ಷರ, ಅದನ್ನು ಓದಬಲ್ಲವರ ಕಣ್ಣಿಗೆ ಎಷ್ಟು ಚುಚ್ಚುತ್ತದೆ ಅಂತ ಯೋಚಿಸಿ.

ಹಾಲ್ ನಡೆಸಿದವಳು

ನಾನು ಇಂಥದೇ ಒಂದು ಹಾಲನ್ನು ನಾಲ್ಕು ವರ್ಷ ನೋಡಿಕೊಂಡಿದ್ದೇನೆ. 400 ಸೀಟಿನ ವಿಷಯಕ್ಕೆ ಬರೋಣ. ಲೆಕ್ಕ ಹಾಕಿ. 14 ಸ್ಟಾಲ್‌ಗೆ 1,960 ಚದರ ಅಡಿ. ಪಾತ್ರೆ ತೊಳೆಯುವುದು, ಸಾಮಾನು, ಕಸ, ಶೌಚಾಲಯಕ್ಕೆ 1,300 ಇಟ್ಟುಕೊಳ್ಳಿ. ಓಡಾಟದ ದಾರಿ ಮತ್ತು ಕ್ಯೂ ಜಾಗಕ್ಕೆ 1,000. ಉಳಿಯುವುದು 3,740. ಒಬ್ಬರಿಗೆ 14 ಚದರ ಅಡಿ ಅಂದರೂ 267 ಸೀಟು. ಅಷ್ಟೇ. ಮಾಲೀಕರ ಮುಂದೆ ಈ ಹಾಳೆ ಇಡಿ.

ಸೀಟಿಗಿಂತ ಸೀಟು ಎಷ್ಟು ಬೇಗ ಖಾಲಿಯಾಗುತ್ತದೆ ಅನ್ನುವುದು ಮುಖ್ಯ. ಅದಕ್ಕೆ ಎಂಜಲು ಟ್ರೇ ದಾರಿ ಸರಿಯಿರಬೇಕು. ನಮ್ಮ ಹಾಲ್‌ನಲ್ಲಿ ಟ್ರೇ ಸ್ಟ್ಯಾಂಡನ್ನು ನೋಡೋಕೆ ಚೆನ್ನಾಗಿಲ್ಲ ಅಂತ ಮೂಲೆಗೆ ತಳ್ಳಿದ್ದರು. ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಮೇಜು ತುಂಬಾ ಎಂಜಲು ಬಟ್ಟಲು, ಜನ ಟ್ರೇ ಹಿಡಿದು ನಿಂತಿರುತ್ತಿದ್ದರು. ಆಮೇಲೆ ಹೊರಗೆ ಹೋಗುವ ದಾರಿಯಲ್ಲೇ ಎರಡು ಕಡೆ ಇಟ್ಟೆವು. ಒಂದೇ ವಾರದಲ್ಲಿ ವ್ಯತ್ಯಾಸ ಕಂಡಿತು. ಸಿಂಗಪುರದಲ್ಲಿ 2021ರ ಸೆಪ್ಟೆಂಬರ್‌ನಿಂದ ಹಾಕರ್ ಸೆಂಟರ್‌ಗಳಲ್ಲಿ ಟ್ರೇ ವಾಪಸ್ ಇಡುವುದು ಕಡ್ಡಾಯ. ಅಲ್ಲಿ ಹಲಾಲ್ ಟ್ರೇಗಳಿಗೆ ಬೇರೆ ಸ್ಟ್ಯಾಂಡ್ ಇಡುತ್ತಾರೆ. ಸಸ್ಯಾಹಾರದ ಸ್ಟಾಲ್ ಇದ್ದರೆ ನೀವೂ ತಟ್ಟೆ ಬಣ್ಣ ಬೇರೆ ಮಾಡಿ, ತೊಳೆಯುವ ತೊಟ್ಟಿಯನ್ನೂ ಬೇರೆ ಮಾಡಿ. ಬರೀ ಬೋರ್ಡ್ ಹಾಕಿದರೆ ಜನ ನಂಬುವುದಿಲ್ಲ.

ಕ್ಯೂ ಬಗ್ಗೆ ಇನ್ನೊಂದು. ಹೆಸರಾದ ಸ್ಟಾಲ್ ಮುಂದೆ 20 ಜನ ನಿಲ್ಲುತ್ತಾರೆ. ಆ ಸಾಲು ನಡೆದಾಡುವ ದಾರಿಯನ್ನು ಅಡ್ಡ ಕತ್ತರಿಸಬಾರದು, ಸ್ಟಾಲ್ ಮುಂಭಾಗದ ಪಕ್ಕದಲ್ಲೇ ಉದ್ದಕ್ಕೆ ಸಾಗಬೇಕು. ಹಾಗೆ ನಿಂತವರಿಗೆ ಅಡುಗೆ ಕಾಣುತ್ತಿರಬೇಕು. ಕಾಣುತ್ತಿದ್ದರೆ ಕಾಯುವುದು ಬೇಸರವಾಗುವುದಿಲ್ಲ.

ಗಾಲಿ

ನಾನು ಗಾಲಿಕುರ್ಚಿ ಬಳಸುತ್ತೇನೆ. ಇಂಥ ಹಾಲ್‌ಗಳಿಗೆ ಹೋಗುವ ಆಸೆ ತುಂಬಾ, ಹೋಗಿ ಬೇಜಾರಾಗಿ ಬಂದದ್ದೂ ತುಂಬಾ. ಕೌಂಟರ್ ನನ್ನ ಗಲ್ಲದ ಮಟ್ಟಕ್ಕೆ ಇರುತ್ತದೆ. ಗಾಜಿನಾಚೆ ಏನು ಬೇಯುತ್ತಿದೆ ಅಂತ ಕಾಣುವುದೇ ಇಲ್ಲ. ಕೈ ಕಾಣಬೇಕು ಅಂತ ಮೇಲೆ ಎಲ್ಲರೂ ಹೇಳುತ್ತಿದ್ದೀರಿ, ನನಗೂ ಕಾಣಲಿ. ಪ್ರತಿ ಸ್ಟಾಲ್‌ನಲ್ಲೂ 3 ಅಡಿ ಅಗಲದ ಭಾಗ 34 ಇಂಚಿಗಿಂತ ಎತ್ತರ ಆಗದಿರಲಿ. ದಾರಿ 3 ಅಡಿಗಿಂತ ಕಿರಿದಾಗಬಾರದು, ತಿರುಗೋಕೆ 5 ಅಡಿ ಬೇಕು. ಮೇಜಿನ ಕಾಲು ನಾಲ್ಕು ಮೂಲೆಯಲ್ಲಿರಲಿ ಅಥವಾ ನಡುವೆ ಒಂದೇ ಇರಲಿ, ಮೊಣಕಾಲು ಒಳಗೆ ಹೋಗಬೇಕು. ಮತ್ತೆ ನೆಲಕ್ಕೆ ಹೂತ ಸ್ಟೂಲು ಎಲ್ಲ ಮೇಜಿಗೂ ಬೇಡ, ಅದನ್ನು ಸರಿಸೋಕಾಗಲ್ಲ.

ಹಾಲ್ ನಡೆಸಿದವಳು

ಗಾಲಿ ಅವರು ಹೇಳಿದ್ದು ಮಕ್ಕಳಿಗೂ ಅನ್ವಯಿಸುತ್ತದೆ. ತಗ್ಗಿನ ಕೌಂಟರ್ ಮುಂದೆಯೇ ಮಕ್ಕಳು ಗುಂಪು ಕಟ್ಟುತ್ತಾರೆ.

ಹನೋಯಿಯ ಚಿಕ್ಕ ಪ್ಲಾಸ್ಟಿಕ್ ಸ್ಟೂಲ್ ಬಗ್ಗೆಯೂ ಯಾರಾದರೂ ಕೇಳಿಯೇ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. 2016ರಲ್ಲಿ ಬರಾಕ್ ಒಬಾಮ ಮತ್ತು ಅಮೆರಿಕದ ಬಾಣಸಿಗ, ಟಿವಿ ನಿರೂಪಕ ಆಂಟನಿ ಬೋರ್ಡೇನ್ ಹನೋಯಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಬುನ್ ಚಾ (ಸುಟ್ಟ ಹಂದಿಮಾಂಸ, ಅಕ್ಕಿ ಶಾವಿಗೆ) ತಿಂದರು. ಆ ಮೇಜನ್ನು ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅಂಥ ಸ್ಟೂಲಿನಲ್ಲಿ ಕೂತರೆ ಎದುರಿನವರು ಹತ್ತಿರವಾಗುತ್ತಾರೆ, ಅದು ನಿಜ. ಫೋ ಸ್ಟಾಲ್ ಪಕ್ಕ ಒಂದು 20 ಸೀಟು ಹಾಗೆ ಮಾಡಿ. ಇಡೀ ಹಾಲಿಗೆ ಮಾಡಿದರೆ ಅಜ್ಜಿ ತಾತ ಎದ್ದೇಳೋಕಾಗಲ್ಲ. ಉಳಿದದ್ದಕ್ಕೆ 18 ಇಂಚಿನ ಕುರ್ಚಿ, 30 ಇಂಚಿನ ಮೇಜು. ಹತ್ತು ಹನ್ನೆರಡು ಜನ ಒಟ್ಟಿಗೆ ಕೂರುವ ಉದ್ದ ಮೇಜುಗಳೂ ಬೇಕು, ಒಂಟಿಯಾಗಿ ಬಂದವರಿಗೆ ಅಡುಗೆಯವರ ಎದುರೇ ಕೌಂಟರ್ ಸೀಟೂ ಬೇಕು. ಜಪಾನಿನ ಫುಕುವೋಕಾದ ಯತಾಯ್ ಗಾಡಿಗಳಲ್ಲಿ ಎಂಟು ಹತ್ತು ಜನ ಭುಜ ತಾಗಿಸಿ ಕೂರುತ್ತಾರೆ. ಒಂಟಿಯಾಗಿ ಬಂದವರು ಮಾತಿಗಿಳಿಯುವುದು ಅಂಥ ಕಡೆಯೇ.

ಕಿವಿಗೊಟ್ಟವನು

ಸದ್ದಿನ ಬಗ್ಗೆ ಯಾರೂ ಮಾತಾಡಿಲ್ಲ. ಕಾಂಕ್ರೀಟ್ ನೆಲ, ಇಟ್ಟಿಗೆ ಗೋಡೆ, ತಗಡಿನ ಚಾವಣಿ ಇರುವ ಗೋದಾಮಿನಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತು ಸುತ್ತುತ್ತದೆ. 250 ಜನ ಸೇರಿದರೆ ಪಕ್ಕದವರು ಕೇಳಲಿ ಅಂತ ಪ್ರತಿಯೊಬ್ಬರೂ ದನಿ ಏರಿಸುತ್ತಾರೆ. ಲೊಂಬಾರ್ಡ್ ಪರಿಣಾಮ ಅಂತ ಇದಕ್ಕೆ ಹೆಸರು, ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ಡ್ 1911ರಲ್ಲಿ ವಿವರಿಸಿದ್ದು. ಬೀದಿಯಲ್ಲಿ ಈ ಕಷ್ಟ ಇಲ್ಲ, ಸದ್ದು ಆಕಾಶಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಬೀದಿಯ ಅನುಭವ ಬೇಕಾದರೆ ನಿಮ್ಮ ಚಾವಣಿ ಆಕಾಶದ ಹಾಗೆ ಸದ್ದು ನುಂಗಬೇಕು.

ಊಟದ ಜಾಗದ ಮೇಲೆ ವುಡ್ ವೂಲ್ ಹಲಗೆ (ಮರದ ಎಳೆಗಳಿಂದ ಮಾಡಿದ್ದು) ಅಥವಾ ಉಣ್ಣೆ ತುಂಬಿದ ತೂಗು ಪ್ಯಾನೆಲ್ ಹಾಕಿ. ಸ್ಟಾಲ್‌ಗಳ ಹತ್ತಿರ ಬಟ್ಟೆ ಬೇಡ, ಎಣ್ಣೆ ಹೀರಿ ಆರು ತಿಂಗಳಲ್ಲಿ ನಾರುತ್ತದೆ. ಅಲ್ಲಿ ತೂತಿನ ಲೋಹದ ಹಾಳೆ, ಹಿಂದೆ ತೆಳು ಪ್ಲಾಸ್ಟಿಕ್ ಸುತ್ತಿದ ರಾಕ್ ವೂಲ್ (ಕಲ್ಲಿನ ನಾರು). ಒರೆಸಬಹುದು. ಒರಳಿನ ಕುಟ್ಟು, ವೋಕ್‌ನ ಚುಯ್ ಕೇಳಬೇಕು. ಫ್ರಿಡ್ಜ್ ಕಂಪ್ರೆಸರ್, ಪಾತ್ರೆ ತೊಳೆಯುವ ಸದ್ದು ಕೇಳಬಾರದು. ತೊಳೆಯುವ ಕೋಣೆಗೆ ಬಾಗಿಲು ಕೊಡಿ.

ಕಾಗದದ ದೀಪ

ಬೆಳಕಿಗೂ ಎರಡು ಮಾತು, ನನ್ನ ಕೆಲಸವೇ ಅದು. ನಿಮ್ಮ ಚಿತ್ರದಲ್ಲಿ ಕೆಂಪು, ನೇರಳೆ ನಿಯಾನ್ ನೇರವಾಗಿ ಮೇಜಿನ ಮೇಲೆ ಬೀಳುತ್ತಿದೆ. ಕೆಂಪು ಬೆಳಕಿನಲ್ಲಿ ಕೊತ್ತಂಬರಿ, ಈರುಳ್ಳಿ ಹೂವು ಎಲ್ಲ ಕಪ್ಪಾಗಿ ಕಾಣುತ್ತದೆ. ಬಣ್ಣದ ದೀಪ ಮೇಲೆ, ಬೋರ್ಡಿನಲ್ಲಿ ಇರಲಿ. ಊಟದ ಮೇಲೆ 2,700ರಿಂದ 3,000 ಕೆಲ್ವಿನ್ ಬೆಚ್ಚಗಿನ ಬಿಳಿ, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲೆ. ಕೈ ಕೆಲಸ ನಡೆಯುವ ಕೌಂಟರ್‌ಗೆ 500 ಲಕ್ಸ್ (ಬೀಳುವ ಬೆಳಕಿನ ಅಳತೆ), ಮೇಜಿಗೆ 150 ಸಾಕು. ರಾತ್ರಿ ಬೀದಿಯಲ್ಲೂ ಹಾಗೇ ಅಲ್ವಾ? ಒಲೆ ಹತ್ತಿರ ಬೆಳಕು, ಸುತ್ತ ಮಬ್ಬು. ಈ ಒಂದು ವ್ಯತ್ಯಾಸ ಸರಿಯಾಗಿ ಮಾಡಿದರೆ ನಿಮ್ಮ ಮಾಲೀಕರು ಕೇಳಿದ ಅರ್ಧ ಕೆಲಸ ಮುಗಿಯುತ್ತದೆ.

ಹೊಗೆಗೂಡು

ನೆಲದ ಬಗ್ಗೆ ಚಿಕ್ಕದಾಗಿ. ಸ್ಟಾಲ್ ಒಳಗೆ ಆರ್11 ಅಥವಾ ಆರ್12 ದರ್ಜೆಯ ಜಾರದ ಟೈಲ್ಸ್, ಸಂದಿಗೆ ಎಪಾಕ್ಸಿ ಗ್ರೌಟ್, ಡ್ರೈನ್ ಕಡೆಗೆ ನೂರಕ್ಕೆ ಒಂದೂವರೆ ಇಳಿಜಾರು. ಗ್ರೀಸ್ ಟ್ರ್ಯಾಪ್ (ಕೊಳೆ ನೀರಿನ ಎಣ್ಣೆ ಜಿಡ್ಡು ಹಿಡಿಯುವ ತೊಟ್ಟಿ) ಊಟದ ಮೇಜಿನ ಕೆಳಗೆ ಬರಬಾರದು. ತೆಗೆದು ತೊಳೆಯುವ ದಿನ ಹಾಲೇ ಮುಚ್ಚಬೇಕಾಗುತ್ತದೆ.

ಗೆರೆಬರೆ (ಎರಡು ತಿಂಗಳ ನಂತರ)

ಎಲ್ಲರಿಗೂ ವಿಷಯ ತಿಳಿಸಬೇಕು ಅಂತ ವಾಪಸ್ ಬಂದೆ. ಸೀಟಿನ ಲೆಕ್ಕದ ಹಾಳೆ ಮಾಲೀಕರಿಗೆ ತೋರಿಸಿದೆ. ಅರ್ಧ ಗಂಟೆ ಸುಮ್ನೆ ನೋಡಿದರು. ಕೊನೆಗೆ 12 ಸ್ಟಾಲ್, 270 ಸೀಟಿಗೆ ಒಪ್ಪಿದರು. ವೋಕ್ ಇರುವ ಐದು ಸ್ಟಾಲ್ ಹಿಂದಿನ ಗೋಡೆಗೆ ಹೋದವು. ಸಾಟೆ ಮುಂದಿನ ಅಂಗಳಕ್ಕೆ ಬಂತು. ಟುಕ್‌ಟುಕ್ ಇಲ್ಲ. ಅದರ ಜಾಗದಲ್ಲಿ ಟ್ರೇ ಸ್ಟ್ಯಾಂಡ್ ಮತ್ತು ಕೈ ತೊಳೆಯುವ ನಲ್ಲಿ. ಸ್ಟಾಲ್‌ಗೆ ನಂಬರ್ ಬದಲು ತಿಂಡಿಯ ಹೆಸರು, ಒಂದೊಂದು ದೀಪ.

ಹೋದ ವಾರ ಗೋದಾಮಿನಲ್ಲೇ ರಟ್ಟಿನಿಂದ ಚಹಾ ಸ್ಟಾಲನ್ನು ಪೂರ್ತಿ ಅಳತೆಗೆ ಕಟ್ಟಿದೆವು. ಅಲ್ಲಿ ನಿಲ್ಲುವ ಹುಡುಗನನ್ನೇ ಕರೆಸಿ, ಎರಡು ಮಗ್ ಕೊಟ್ಟು, ನೀರು ಎಳೆಯಲು ಹೇಳಿದೆ. ಕಡಿಮೆಯಾದೀತು ಅಂತ ಬೋರ್ಡನ್ನು ನಾನೇ 7 ಅಡಿಗೆ ಎತ್ತಿದ್ದೆ. ಮೊದಲ ಎಳೆತಕ್ಕೇ ಮಗ್ ಬೋರ್ಡಿಗೆ ತಾಗಿತು. ರಟ್ಟು ಹರಿದು ಬಂತು. ಬೋರ್ಡ್ 16 ಇಂಚು ಮೇಲೆ ಹೋಗಿದೆ. ಗಾಲಿ ಅವರೇ, ಆ ಸ್ಟಾಲ್‌ನ ಎಡಗಡೆ 3 ಅಡಿ ಕೌಂಟರ್ 33 ಇಂಚಿಗೆ ಇಳಿಸಿದ್ದೇವೆ. ನಾನು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಎರಡೂ ಕೈ, ನಡುವಿನ ನೀರಿನ ಎಳೆ, ಪೂರ್ತಿ ಕಾಣುತ್ತದೆ.

ಬಾಣಲೆ

ಇನ್ನು ನೂಡಲ್ಸ್ ಸ್ಟಾಲನ್ನೂ ರಟ್ಟಿನಲ್ಲಿ ಕಟ್ಟಿ. ಆ ದಿನ ಹೇಳಿ, ನಾನೇ ಬಂದು ಹಿಟ್ಟು ಎಳೆದು ನೋಡುತ್ತೇನೆ.